ಎಲ್ಲರ ಮನೆಯ ನೀರು

ಅವರು ತೀರಿಕೊಂಡ ಸುದ್ದಿಯನ್ನು ನನಗೆ ತಿಳಿಸಿದವನು ಅವರ ಊರಿನ ಪಂಚಾಯಿತಿಯ ಗುಮಾಸ್ತ. "ಮೇಡಂ, ನಮ್ಮ ನೀರು ಬಿಡೋ ಚಾಚಾ ಹೋಗಿಬಿಟ್ರಿ. ನಿಮಗ ಗುರುತಿದ್ರಲ್ಲ, ಅದಕ್ಕ ಫೋನ್ ಹಚ್ಚಿದ್ನಿ" ಅಂದ. ಗುರುತಿದ್ದರು, ನಿಜ. ಅವರಿಗೆ ನಾನೊಂದು ಮಾತು ಹೇಳಬೇಕಿತ್ತು. ಒಂಬತ್ತು ವರ್ಷದಿಂದ ಹೇಳಬೇಕಿತ್ತು. ಇವತ್ತು, ನಾಳೆ ಎಂದು ಮುಂದೆ ಹಾಕುತ್ತಲೇ ಬಂದೆ. ಆ ದಿನ ಕೊಪ್ಪಳದ ನಮ್ಮ ಪ್ರಯೋಗಾಲಯದಲ್ಲಿ ಮೇಜಿನ ಮೇಲೆ ಹನ್ನೆರಡು ಬಾಟಲಿ ಕಾಯುತ್ತಿದ್ದವು. ಒಂದನ್ನೂ ಮುಟ್ಟಲು ಕೈ ಬರಲಿಲ್ಲ.

ನಾನು ನೀರು ಪರೀಕ್ಷೆ ಮಾಡುವವಳು. ಕುಷ್ಟಗಿ, ಯಲಬುರ್ಗಾ, ಇರಕಲ್ಲಗಡದ ಕಡೆಯಿಂದ ಬರುವ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ, ಉಪ್ಪೆಷ್ಟು, ಸುಣ್ಣವೆಷ್ಟು ಎಂದು ಬಿಡಿಸಿ ಬರೆದು ಕೊಡುವುದು ನನ್ನ ಕೆಲಸ. ಬಿಡಿಸುವ ಬುದ್ಧಿ ನನಗೆ ಸಂಬಳಕ್ಕೆ ಬಂದದ್ದೇನೂ ಅಲ್ಲ. ಗಂಗಾವತಿಯ ಮನೆಯಲ್ಲಿ ಚಿಕ್ಕಂದಿನಿಂದಲೂ ಮೊರದ ಮುಂದೆ ಕೂತು ಅಕ್ಕಿಯಿಂದ ಕಲ್ಲು ಬೇರೆ, ಭತ್ತ ಬೇರೆ, ನುಚ್ಚು ಬೇರೆ ಮಾಡಿದವಳು. ನನ್ನ ಅಡುಗೆಮನೆಯ ಡಬ್ಬಿಗಳಿಗೆಲ್ಲ ಇವತ್ತಿಗೂ ಚೀಟಿ ಅಂಟಿಸಿರುತ್ತದೆ, ಉಪ್ಪಿನ ಡಬ್ಬಿಗೂ. ಒಂದು ಪ್ರಶ್ನೆಗೆ ಒಂದು ಉತ್ತರ ಕೊಡದವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ದೇವರು ಅಂಥವಳ ಪಾಲಿಗೆ ಚಾಚಾನನ್ನು ಕಳಿಸಿದ.

ಯಲಬುರ್ಗಾ ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿ ಅವರು ವಾಟರ್‌ಮನ್ ಆಗಿದ್ದರು. ದಿನಾ ಬೆಳಿಗ್ಗೆ ಮೋಟರು ಚಾಲೂ ಮಾಡಿ, ಉದ್ದನೆಯ ಕಬ್ಬಿಣದ ಚಾವಿಯಿಂದ ವಾಲ್ವು ತಿರುಗಿಸಿ, ಒಂದೊಂದು ಓಣಿಗೆ ನೀರು ಬಿಡುವುದು ಅವರ ಕೆಲಸ. ಊರಿನ ನೀರನ್ನು ನಮ್ಮಲ್ಲಿಗೆ ಪರೀಕ್ಷೆಗೆ ತರುತ್ತಿದ್ದವರೂ ಅವರೇ. ತೆಳ್ಳಗಿನ ಆಳು, ತಲೆಗೆ ಬಿಳಿ ಟೋಪಿ. ಒಂದು ಕಾಲಿನ ಪ್ಯಾಂಟು ಯಾವಾಗಲೂ ಮಡಚಿರುತ್ತಿತ್ತು, ಇನ್ನೊಂದು ಕಾಲಿನದು ಇಳಿಬಿದ್ದಿರುತ್ತಿತ್ತು. ಯಾಕೆ ಹೀಗೆ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, ಅವರ ಅಳಿಯನ ಎತ್ತಿನಿಂದ ಶುರುವಾದ ಉತ್ತರ ಚಹಾ ಆರುವ ತನಕ ನಡೆಯಿತು.

ಅವರ ಉತ್ತರಗಳೇ ಹಾಗೆ. "ಮೋಟರು ಯಾವಾಗ ಸುಟ್ಟಿತು?" ಎಂದರೆ ಪಕ್ಕದ ಓಣಿಯ ಮದುವೆಯಿಂದ ಹೊರಡುತ್ತಿದ್ದರು. "ಅದಕ್ಕೂ ಇದಕ್ಕೂ ಏನು ಸಂಬಂಧ?" ಎಂದು ನಾನು ರೇಗುತ್ತಿದ್ದೆ. ಅವರು ಕೈಯೆತ್ತಿ ನನ್ನನ್ನು ಸಮಾಧಾನ ಮಾಡುವವರಂತೆ, "ಸಂಬಂಧ ಐತ್ರಿ ಮೇಡಮ್ಮಾರ, ಪೂರಾ ಕೇಳ್ರಿ" ಅನ್ನುತ್ತಿದ್ದರು. ಪೂರಾ ಕೇಳುವಷ್ಟು ಪುರುಸೊತ್ತು ನನಗೆ ಒಂದು ದಿನವೂ ಇರಲಿಲ್ಲ.

ಮೋಟರಿನ ವಿಷಯದಲ್ಲಿ ಮಾತ್ರ ಸಂಬಂಧ ಇತ್ತು ಎಂದು ಒಪ್ಪಬೇಕು. ವರ್ಷಕ್ಕೆ ಮೂರು ಸಲ ಸುಡುತ್ತಿದ್ದ ಮೋಟರನ್ನು ಮಿಸ್ತ್ರಿ ಬಿಚ್ಚಿ ಬಿಚ್ಚಿ ನೋಡುತ್ತಿದ್ದ, ಸುತ್ತಿದ ತಂತಿಯಲ್ಲಿ ದೋಷ ಸಿಗುತ್ತಿರಲಿಲ್ಲ. ಇವರು ಮೋಟರಿನ ಹತ್ತಿರವೂ ಹೋಗಲಿಲ್ಲ. ಊರೆಲ್ಲ ತಿರುಗಾಡಿ ಬಂದು, "ಮದುವಿ ಸುಗ್ಗ್ಯಾಗ ಗಿರಣಿ ಬೆಳಗಿನಿಂದ ತಿರಗತೈತ್ರಿ, ಅವಾಗಷ್ಟ ಇದು ಸುಡತೈತಿ" ಎಂದರು. ಗಿರಣಿ ತಿರುಗುವಾಗ ವೋಲ್ಟೇಜು ಇಳಿಯುತ್ತಿತ್ತು; ಅದು ನಿಂತ ಹೊತ್ತಿಗೆ ನೀರು ಎತ್ತಲು ಶುರು ಮಾಡಿದ ಮೇಲೆ ಮೋಟರು ಸುಡುವುದು ನಿಂತಿತು. ಇದೇ ಮನುಷ್ಯ ಇನ್ನೊಮ್ಮೆ, ಅಣ್ಣತಮ್ಮಂದಿರಿಬ್ಬರು ಹೊಲ ಪಾಲು ಮಾಡಿಕೊಂಡದ್ದರಿಂದ ಬೋರಿನ ನೀರು ಸವಳಾಗಿದೆ ಎಂದು ನನ್ನ ಮುಂದೆ ವಾದ ಮಾಡಿದ್ದೂ ಉಂಟು. ಎಲ್ಲದಕ್ಕೂ ಎಲ್ಲದರ ಸಂಬಂಧ ಹಚ್ಚುವವರು ಕೆಲವು ಸಲ ಗುರಿ ತಪ್ಪಲೇಬೇಕು. ನಾನು ಒಂದು ವಾರ ಇಡೀ ಆಫೀಸಿಗೆ ಆ ಕಥೆ ಹೇಳಿ ನಗಿಸಿದೆ.

ನಮ್ಮ ಪ್ರಯೋಗಾಲಯದ ಬಟ್ಟಿ ಇಳಿಸಿದ ನೀರನ್ನು ಕಂಡರೆ ಅವರಿಗೆ ಅನುಮಾನ. "ಇದರಾಗ ಏನೂ ಇಲ್ಲ ಅಂತೀರಿ. ಏನೂ ಇಲ್ಲದ್ದು ನೀರು ಹೆಂಗಾತ್ರಿ?" ಎಂದು ಕೇಳಿದ್ದರು. ಫ್ಲೋರೈಡ್ ಬೇರೆ, ಸುಣ್ಣ ಬೇರೆ, ಉಪ್ಪು ಬೇರೆ ಎಂದು ನಾನು ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದೆ. ಅವರು ತಲೆಯಾಡಿಸಿ ಕೇಳಿಸಿಕೊಂಡು, "ಖರೇ ಐತ್ರಿ. ಆದ್ರ ಕುಡಿಯೋರು ಬ್ಯಾರೆ ಬ್ಯಾರೆ ಕುಡಿಯಂಗಿಲ್ಲಲ್ರಿ" ಎಂದರು. ಆಗ ಅದು ನನಗೆ ಮೊಂಡುತನದ ಮಾತಾಗಿ ಕೇಳಿತ್ತು.

ಈಗ ಒಂದು ಕ್ಯಾನಿನ ಕಥೆ. ಅದು ನಡೆದು ಹದಿನೈದು ವರ್ಷ ಆಯಿತು.

ಆ ಊರಿನ ಅಂಚಿನಲ್ಲಿ ಮನೆಯಿಲ್ಲದವರಿಗೆಂದು ಸರಕಾರದಿಂದ ಹೊಸದಾಗಿ ಮನೆಗಳಾಗಿದ್ದವು. ಊರವರು ಅದಕ್ಕೆ ಪ್ಲಾಟು ಅನ್ನುತ್ತಿದ್ದರು. ಪ್ಲಾಟಿಗೆ ನೀರು ಕೊಡಲೆಂದು ಎರಡನೇ ಬೋರು ಕೊರೆಸಿದ್ದರು. ಆ ನೀರು ಕುಡಿಯಲು ಯೋಗ್ಯವೋ ಅಲ್ಲವೋ ನೋಡಿ ಹೇಳಿ ಎಂದು ಪಂಚಾಯಿತಿಯವರು ಒಂದು ಪತ್ರ ಕೊಟ್ಟು ಚಾಚಾನನ್ನು ಕಳಿಸಿದ್ದರು. ಅದೇ ಅವರು ನಮ್ಮಲ್ಲಿಗೆ ಬಂದ ಮೊದಲ ಸಲ. ಕೈಯಲ್ಲಿ ಐದು ಲೀಟರಿನ ಎಣ್ಣೆಯ ಕ್ಯಾನು. ನಾವು ಪಡೆಯುವುದು ಒಂದು ಲೀಟರಿನ ಶುದ್ಧ ಬಾಟಲಿ, ಅದರ ಮೇಲೆ ಊರು, ಬೋರು, ದಿನಾಂಕ ಬರೆದ ಚೀಟಿ. ಕ್ಯಾನಿನ ಮೇಲೆ ಸೂರ್ಯಕಾಂತಿ ಹೂವಿನ ಚಿತ್ರ ಬಿಟ್ಟರೆ ಬೇರೇನೂ ಇರಲಿಲ್ಲ.

"ಬಿಸಿನೀರಾಗ ಏಳು ಸಲ ತೊಳದೀನ್ರಿ" ಎಂದರು ನನ್ನ ಮುಖ ನೋಡಿ.

ವಾಪಸು ಕಳಿಸಬೇಕಿತ್ತು, ನಿಯಮ ಅದೇ. ಆದರೆ ಅವರು ಎರಡು ಬಸ್ಸು ಬದಲಿಸಿ ಬಂದಿದ್ದರು. ನನ್ನ ಮುಂದೆ ಅವತ್ತು ಬಾಟಲಿಗಳ ರಾಶಿಯೇ ಇತ್ತು. ಪೆನ್ನು ತೆಗೆದು ಕೇಳಿದೆ. "ಯಾವ ಬೋರಿನದು?"

"ಹೇಳ್ತೀನ್ರಿ. ನಮ್ಮೂರಾಗ ಮೊಹರಂಗ ಪಾನಕ ಮಾಡ್ತೀವಿ ನೋಡ್ರಿ..."

"ಪಾನಕ ಬಿಡ್ರಿ. ಬೋರು ಒಂದೋ ಎರಡೋ? ಒಂದೇ ಮಾತಿನಲ್ಲಿ ಹೇಳಿ."

"ಎರಡನೇದೂ ಐತ್ರಿ ಇದರಾಗ. ಆದ್ರ ಮೇಡಮ್ಮಾರ, ಪೂರಾ ಕೇಳ್ರಿ..."

"ಸಾಕು" ಎಂದೆ. ಚೀಟಿಯ ಮೇಲೆ ನನ್ನ ಕೈಯಾರೆ 'ಬೋರ್ 2' ಎಂದು ಬರೆದೆ. ರಿಜಿಸ್ಟರಿನಲ್ಲೂ ಬರೆದೆ. ಅವರು ಇನ್ನೂ ಏನೋ ಹೇಳುವವರಿದ್ದರು. ನಾನು ಮುಂದಿನ ಬಾಟಲಿ ಎತ್ತಿಕೊಂಡದ್ದು ನೋಡಿ ಟೋಪಿ ಸರಿಮಾಡಿಕೊಂಡು ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು.

ಫ್ಲೋರೈಡ್ ನೋಡುವಾಗ ನೀರಿಗೆ ಕೆಂಪು ದ್ರಾವಣ ಹಾಕುತ್ತೇವೆ. ಕೆಂಪು ತಿಳಿಯಾದಷ್ಟೂ ನೀರು ಕೆಟ್ಟದ್ದು. ಅವರ ನೀರಿನಲ್ಲಿ ಕೆಂಪು ಕೆಂಪಾಗಿಯೇ ಉಳಿಯಿತು. 'ಕುಡಿಯಲು ಯೋಗ್ಯ' ಎಂದು ವರದಿ ಬರೆದು ಸಹಿ ಹಾಕಿದೆ. ಆ ವರದಿಯ ಮೇಲೆ ಪ್ಲಾಟಿನ ಅರವತ್ತು ಮನೆಗಳಿಗೆ ಎರಡನೇ ಬೋರಿನಿಂದ ಪೈಪು ಬಂತು. ಒಮ್ಮೆ ಯೋಗ್ಯ ಎಂದು ಬರೆದ ಬೋರಿನ ನೀರನ್ನು ಮತ್ತೆ ತರಿಸಿ ನೋಡುವ ರೂಢಿ ಆಗ ನಮ್ಮಲ್ಲಿರಲಿಲ್ಲ. ಆಮೇಲೆ ಅವರು ತರುತ್ತಿದ್ದುದು ಹಳೆಯ ಊರಿನ ಕೈಪಂಪಿನ ನೀರು, ಶಾಲೆಯ ನೀರು. ನನ್ನ ಬೈಗುಳ ತಿಂದು ಬಾಟಲಿ, ಚೀಟಿ ಎಲ್ಲ ಕಲಿತಿದ್ದರು.

ಪಾನಕದ ಕಥೆಯನ್ನು ನಾನು ಪೂರಾ ಕೇಳಿದ್ದು ಆರು ವರ್ಷದ ಮೇಲೆ. ಆ ಊರಿನಲ್ಲಿ ಮೊಹರಂ ಎಲ್ಲ ಜಾತಿಯವರ ಹಬ್ಬ. ಮಸೂತಿಯ ಮುಂದೆ ಒಂದು ದೊಡ್ಡ ಹಂಡೆ ಇಡುತ್ತಾರೆ. ಪ್ರತಿ ಮನೆಯಿಂದ ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ತಂದು ಅದರಲ್ಲಿ ಹಾಕಬೇಕು. ಗೌಡರ ಮನೆ, ಕೇರಿಯ ಮನೆ ಎಂದು ಬೇರೆ ಮಾಡುವಂತಿಲ್ಲ. ಒಂದು ಮನೆಯನ್ನೂ ಬಿಡುವಂತಿಲ್ಲ, ಬಿಟ್ಟರೆ ಆ ಮನೆಯವರ ಮನಸ್ಸಿಗೆ ನೋವು. ಹೀಗೆ ಕೂಡಿದ ನೀರೇ ಊರ ನೀರು. ತಂಬಿಗೆ ಹಿಡಿದು ಮನೆಮನೆ ತಿರುಗಿ ನೀರು ಕೂಡಿಸುವ ಕೆಲಸ ಚಾಚಾನದು. ಅವರ ಅಪ್ಪನೂ ಅದನ್ನೇ ಮಾಡಿದ್ದರಂತೆ.

ಊರ ನೀರು ಪರೀಕ್ಷೆ ಮಾಡಿಸುತ್ತಾರೆ ಎಂದಾಗ ಅವರು ಅದೇ ರೀತಿ ಕೂಡಿಸಿದ್ದರು. ಹಳೆಯ ಬೋರಿನ ನಳಗಳಿಂದ, ಕೈಪಂಪಿನಿಂದ, ಶಾಲೆಯಿಂದ, ಕೊನೆಗೆ ಹೊಸ ಬೋರಿನಿಂದ ಒಂದೊಂದು ಲೋಟ. ಒಳ್ಳೆಯ ನೀರಿನೊಳಗೆ ಕೆಟ್ಟ ನೀರಿನ ಲೋಟ ಮರೆಯಾಗಿಹೋಗಿತ್ತು. ಕೂಡಿಸಿ ನೋಡುವ ಅವರ ಬುದ್ಧಿ ಅದನ್ನು ಮುಚ್ಚಿತು. ಕತ್ತರಿಸಿ ಕೇಳುವ ನನ್ನ ಬುದ್ಧಿ ಅದರ ಮೇಲೆ ಚೀಟಿ ಅಂಟಿಸಿತು.

ಆರು ವರ್ಷದ ಮೇಲೆ ಒಂದು ದಿನ ಚಾಚಾ ಬರಿಗೈಯಲ್ಲಿ ಬಂದರು. ಬಾಟಲಿ ಎಲ್ಲಿ ಎಂದು ಕೇಳಿದೆ.

"ಬಾಟ್ಲಿ ತಂದಿಲ್ರಿ. ಪ್ಲಾಟಿನ ಹುಡುಗ್ರು ನಗವಲ್ರು."

"ಏನು?"

"ನಗಬೇಕಾದ್ರ ಬಾಯಿಗೆ ಕೈ ಅಡ್ಡ ಇಡ್ತಾವ್ರಿ. ಹಳೀ ಊರಿನ ಹುಡುಗ್ರು ಹಲ್ಲು ಕಿಸದು ನಗ್ತಾವ. ನೀವು ಒಮ್ಮಿ ಬರ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅವರ ದನಿಯಲ್ಲಿ ಆ ದಿನ ಕಥೆ ಹೇಳುವ ಉಮೇದು ಇರಲಿಲ್ಲ. ಅದಕ್ಕೇ ಹೋದೆ. ಅಲ್ಲಿಯ ತನಕ ಆ ಊರಿನ ಎಷ್ಟೋ ಬಾಟಲಿಗಳಿಗೆ ಸಹಿ ಹಾಕಿದ್ದೆ, ಊರಿಗೆ ಕಾಲಿಟ್ಟಿರಲಿಲ್ಲ. ಅವರು ನನ್ನನ್ನು ನೇರ ಶಾಲೆಗೆ ಕರೆದೊಯ್ದರು. ಗೇಟಿನ ಹತ್ತಿರ ನಿಂತು, ಟೋಪಿಯನ್ನು ಹಿಂದುಮುಂದು ಮಾಡಿ ಹಾಕಿಕೊಂಡು, ಮೇಕೆಯಂತೆ ಕೂಗಿದರು. ಮಕ್ಕಳೆಲ್ಲ ನಕ್ಕವು. ನೀರು ಬಿಟ್ಟು ಬರುವಾಗ ದಿನವೂ ಹೀಗೆ ಮಾಡುತ್ತಾರೆ ಎಂದು ಮಾಸ್ತರರು ನನಗೆ ಹೇಳಿದರು, ಊರಿಗೆಲ್ಲ ಇವರೊಂದು ಮೋಜು ಎಂಬಂತೆ. ಆದರೆ ಚಾಚಾ ನಗುತ್ತಿರಲಿಲ್ಲ. ಮಕ್ಕಳು ಬಾಯಿ ತೆರೆದಾಗ ಅವರ ಕಣ್ಣು ಒಂದೊಂದೇ ಬಾಯಿಯ ಮೇಲೆ ಹಾದು ಹೋಗುತ್ತಿತ್ತು. ಹಲ್ಲು ನೋಡಲೆಂದೇ ಅವರು ಇಷ್ಟು ದಿನ ಮಕ್ಕಳನ್ನು ನಗಿಸಿದ್ದರು. ಮಸೂತಿಯಲ್ಲಿ ನಮಾಜಿನ ಸಾಲಿನಲ್ಲಿ ಯಾರು ಎದ್ದೇಳಲು ತಡಮಾಡುತ್ತಾರೆ, ಕಟ್ಟೆಯ ಮೇಲೆ ಯಾರು ಕುತ್ತಿಗೆ ತಿರುಗಿಸದೆ ಮೈಯೆಲ್ಲ ತಿರುಗಿಸಿ ಮಾತಾಡುತ್ತಾರೆ, ಅವರು ಯಾವ ನಳದ ನೀರು ಕುಡಿಯುತ್ತಾರೆ, ಎಲ್ಲವೂ ಚಾಚಾನ ತಲೆಯಲ್ಲಿತ್ತು. ಒಂದು ಅಕ್ಷರವನ್ನೂ ಬರೆದಿಟ್ಟಿರಲಿಲ್ಲ.

ಮುಂದಿನ ಸಾಲಿನಲ್ಲಿ ಎರಡನೆಯ ಇಯತ್ತೆಯ ಒಂದು ಹುಡುಗಿ ನಿಂತಿದ್ದಳು, ಪ್ಲಾಟಿನವಳು. ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಚಾಚಾ ಕುಕ್ಕರಗಾಲಿನಲ್ಲಿ ಕೂತು, "ಕೈ ತಗಿ ಬೇಟಾ, ಮೇಡಮ್ಮಾರು ನಮ್ಮವ್ರ ಅದಾರ" ಎಂದರು. ಅವಳು ಕೈ ತೆಗೆದಳು. ಆಗ ತಾನೇ ಹುಟ್ಟಿದ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿದ್ದವು. ಫ್ಲೋರೈಡ್ ಹೆಚ್ಚಾದ ನೀರು ಕುಡಿದವರ ಅಂಥ ಹಲ್ಲಿನ ಚಿತ್ರಗಳನ್ನು ನಾನು ಪುಸ್ತಕದಲ್ಲಿ ಎಷ್ಟೋ ನೋಡಿದ್ದೆ.

ಬೋರುಗಳ ನೀರನ್ನು ಬೇರೆ ಬೇರೆಯಾಗಿ ತುಂಬಿಕೊಂಡು ಬಂದೆ. ಎರಡನೇ ಬೋರಿನ ನೀರಿಗೆ ಹಾಕಿದ ಕೆಂಪು ಕಣ್ಣೆದುರೇ ಬಿಳಿಚಿಕೊಂಡಿತು. ಹಳೆಯ ರಿಜಿಸ್ಟರು ತೆಗೆಸಿ ನೋಡಿದೆ. 'ಬೋರ್ 2' ಎಂಬುದು ನನ್ನದೇ ಗುಂಡನೆಯ, ನೀಟಾದ ಅಕ್ಷರ.

ಪಂಚಾಯಿತಿಯಲ್ಲಿ ಸಭೆ ಸೇರಿತು. ಪ್ಲಾಟಿನವರು ಮಕ್ಕಳನ್ನು ಎತ್ತಿಕೊಂಡು ಬಂದು ಕೂತಿದ್ದರು. ಅಭಿವೃದ್ಧಿ ಅಧಿಕಾರಿ, "ಆವಾಗ ನೀರು ಯಾರು ಒಯ್ದಿದ್ರಿ?" ಎಂದು ಕೇಳಿದ. ಚಾಚಾ ಎದ್ದು ನಿಂತರು. "ನಾನ್ರಿ. ಎಲ್ಲಾರ ಮನಿದು ಕೂಡಿಸಿ ಒಯ್ದಿದ್ನಿ. ನನಗ ತಿಳೀಲಿಲ್ರಿ. ತಪ್ಪು ನಂದು" ಎಂದರು. ನಾನು ಮೂರನೆಯ ಕುರ್ಚಿಯಲ್ಲಿದ್ದೆ. ರಿಜಿಸ್ಟರು ನನ್ನ ತೊಡೆಯ ಮೇಲೆ ಇತ್ತು. ಹೇಳಬೇಕೆಂದರೆ ಆಗಲೇ ಹೇಳಬೇಕಿತ್ತು: ಈ ಮನುಷ್ಯ ಕೂಡಿಸಿ ತಂದದ್ದನ್ನು ನನಗೆ ಹೇಳುವವನಿದ್ದ, ನಾನು ಅವನ ಬಾಯಿ ಮುಚ್ಚಿಸಿದೆ. ಒಬ್ಬ ತಾಯಿ ಚಾಚಾನ ಮುಂದೆ ಮಣ್ಣು ತೂರಿದಳು. ನಾನು ರಿಜಿಸ್ಟರು ಮುಚ್ಚಿದೆ.

ಮೇಲಿನವರು ಕೇಳಿದ ವಿವರಣೆಗೆ 'ಮಾದರಿ ಸಂಗ್ರಹಣೆಯಲ್ಲಿ ದೋಷ' ಎಂದು ಉತ್ತರ ಬರೆದೆ. ಆ ಸಾಲಿನ ಒಂದೊಂದು ಪದವನ್ನೂ ಬಿಡಿಸಿ ನೋಡಿದರೆ ನಿಜವೇ. ಎಲ್ಲ ಕೂಡಿಸಿ ಓದಿದರೆ ಹಸಿ ಸುಳ್ಳು. ಬಿಡಿಸುವ ವಿದ್ಯೆಯ ಈ ಉಪಯೋಗ ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.

ಅವರ ಕೈಯಿಂದ ವಾಲ್ವಿನ ಚಾವಿ ತೆಗೆದುಕೊಂಡರು. ಪ್ಲಾಟಿಗೆ ಮೊದಲು ಟ್ಯಾಂಕರು, ಆಮೇಲೆ ಹೊಳೆಯ ನೀರು ಬಂತು. ಹಲ್ಲುಗಳು ಮಾತ್ರ ಹಾಗೇ ಉಳಿದವು. ಆಮೇಲೂ ಚಾಚಾ ಕೊಪ್ಪಳಕ್ಕೆ ಬಂದಾಗ ನಮ್ಮ ಬೆಂಚಿನ ಮೇಲೆ ಕೂತು ಹೋಗುತ್ತಿದ್ದರು. ಒಂದು ಸಲ, "ಪ್ಲಾಟಿನ ಹುಡುಗ್ರು 'ನಗಸಬ್ಯಾಡ ಚಾಚಾ' ಅಂತಾವ್ರಿ" ಎಂದರು. ನಾನು ಚಹಾ ತರಿಸಿದೆ. ನನ್ನ ಪ್ರಾಯಶ್ಚಿತ್ತವೆಲ್ಲ ಆ ಚಹಾದಲ್ಲೇ ಮುಗಿಯಿತು. ಈಗ ಅವರು ಏನು ಹೇಳಿದರೂ ಪೂರಾ ಕೇಳುತ್ತಿದ್ದೆ. ಅವರಿಗೆ ಅದು ಆಶ್ಚರ್ಯವಾಗುತ್ತಿತ್ತು. "ಮೇಡಮ್ಮಾರಿಗೆ ಈಗ ಕೆಲಸದ ತ್ರಾಸು ಕಡಿಮಿ ಆಗೈತಿ" ಎಂದು ಖುಷಿಪಡುತ್ತಿದ್ದರು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಕೆಯಾಗುತ್ತದೆ.

ಸುದ್ದಿ ಬಂದ ಮೂರನೆಯ ದಿನ ಅವರ ಊರಿಗೆ ಹೋದೆ. ಅವರಲ್ಲಿ ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ, ಹಾಗಾಗಿ ಅವರ ಹೆಂಡತಿ ಒಳಗಿನ ಕೋಣೆಯಲ್ಲಿ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ. ಚಾಚಿ ನನ್ನ ಕೈ ಹಿಡಿದುಕೊಂಡು ಹೇಳಿದರು: "ಕಡೀತನಕಾ ಅದ ಮಾತು ರೀ. 'ಎಲ್ಲಾರದೂ ಕೂಡಿಸಬಾರದಿತ್ತು, ನಾ ಆ ಹುಡುಗ್ರ ಹಲ್ಲು ತಿಂದ್ನಿ' ಅಂತಿದ್ರು. ಉಣ್ಣೂ ಮುಂದ ಅದ, ಮಲಗೂ ಮುಂದ ಅದ."

ನನ್ನ ನಿವೃತ್ತಿಗೆ ಇನ್ನು ಏಳು ತಿಂಗಳಿತ್ತು, ಈಗ ಬಾಯಿಬಿಟ್ಟರೆ ಪಿಂಚಣಿಗೆ ಕುತ್ತು. ದಾರಿಯುದ್ದಕ್ಕೂ ಆ ಏಳು ತಿಂಗಳನ್ನು ನೆನೆದುಕೊಂಡೇ ಬಂದಿದ್ದೆ. ಚಾಚಿಯ ಕೈ ನನ್ನ ಕೈಮೇಲೆ ಇರುವಾಗ ಅದೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. "ಅವರು ಕೂಡಿಸಿ ತಂದದ್ದನ್ನು ನನಗೆ ಹೇಳಲು ಬಂದಿದ್ದರು. ನಾನು ಕೇಳಲಿಲ್ಲ. ಎರಡನೇ ಬೋರು ಅಂತ ಬರೆದವಳು ನಾನು. ಆಮೇಲೆ ತಪ್ಪು ಅವರದು ಅಂತ ಬರೆದವಳೂ ನಾನೇ" ಎಂದೆ.

ಚಾಚಿ ಕೈ ಬಿಟ್ಟರು. ಸೆರಗು ಸರಿಮಾಡಿಕೊಂಡು ಗೋಡೆಗೆ ನೇತುಹಾಕಿದ್ದ ಬಿಳಿ ಟೋಪಿಯ ಕಡೆ ನೋಡುತ್ತ ಕೂತರು.

"ಇದನ್ನ ಅವ್ರಿದ್ದಾಗ ಹೇಳಬೇಕಿತ್ತಲ್ಲವ್ವಾ" ಎಂದರು ಕೊನೆಗೆ.

"ಹೌದು" ಎಂದೆ.

"ನನಗ ಹೇಳಿದ್ರ ಏನಾತು? ನಾ ಅವ್ರ ಮ್ಯಾಲೆ ಯಾವತ್ತೂ ತಪ್ಪು ಹೊರಸಿದಾಕಿ ಅಲ್ಲ. ಪ್ಲಾಟಿನ್ಯಾಗ ಹೇಳ್ರಿ. ನಾ ಹೊರಗ ಬರಂಗಿಲ್ಲ, ನೀವ ಹೋಗ್ರಿ." ನಾನು ಎದ್ದಾಗ ಹಿಂದಿನಿಂದ ಇನ್ನೊಂದು ಮಾತು ಸೇರಿಸಿದರು: "ಎಲ್ಲಾ ಮನಿಗೂ ಹೋಗ್ರಿ. ಒಂದು ಮನೀನೂ ಬಿಡಬ್ಯಾಡ್ರಿ."

ಪ್ಲಾಟಿನ ಮೊದಲ ಮನೆಯ ಬಾಗಿಲು ತಟ್ಟಿದೆ. ತೆರೆದವಳು ಹದಿನಾರು ಹದಿನೇಳರ ಹುಡುಗಿ. ಯಾರು ಬೇಕಿತ್ರಿ ಎಂದು ಕೇಳುವಾಗ ಅವಳ ಅಂಗೈ ತಾನಾಗಿಯೇ ಬಾಯಿಗೆ ಅಡ್ಡ ಬಂತು. ಆ ಕೈಯಿಂದಲೇ ಅವಳನ್ನು ಗುರುತು ಹಿಡಿದೆ. ಒಳಗಿನಿಂದ ಅವಳ ತಾಯಿ, "ಯಾರದು? ಏನಂತ?" ಎಂದು ಕೇಳಿದಳು.

ದಾರಿಯಲ್ಲಿ ಒಂದು ವಾಕ್ಯ ಸಿದ್ಧ ಮಾಡಿಕೊಂಡಿದ್ದೆ. ಚಿಕ್ಕದು, ಸ್ಪಷ್ಟವಾದದ್ದು. ಬಾಯಿ ತೆರೆದರೆ ಅದು ಬರಲಿಲ್ಲ. ಹೊಸ್ತಿಲ ಹೊರಗೇ ನಿಂತು, "ಹೇಳ್ತೀನಮ್ಮ, ಪೂರಾ ಕೇಳಬೇಕು. ನಿಮ್ಮೂರಲ್ಲಿ ಮೊಹರಂಗೆ ಪಾನಕ ಮಾಡ್ತೀರಲ್ಲ, ಅಲ್ಲಿಂದ ಶುರು" ಎಂದೆ.